ವಾಹನ ನಿರ್ವಹಣಾ ತಂತ್ರಾಂಶ

ವಾಹನ ನಿರ್ವಹಣಾ ತಂತ್ರಾಂಶವು ಬಸ್ಸು, ಲಾರಿ, ಟ್ಯಾಂಕರ್ ಮೊದಲಾದ ವಾಹನಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಹೊಂದಿರುವ ಸಂಸ್ಥೆಗಳು ಅವುಗಳ ತಪಾಸಣೆ, ದುರಸ್ತಿ, ಬಿಡಿಭಾಗ, ಇಂಧನ ಮತ್ತು ಕಾನೂನಾತ್ಮಕ ದಾಖಲೆಗಳನ್ನು ಒಂದೆಡೆ ನಿಭಾಯಿಸಲು ಬಳಸುವ ಗಣಕ ವ್ಯವಸ್ಥೆಯಾಗಿದೆ. ಯಾವ ವಾಹನಕ್ಕೆ ಯಾವ ಕೆಲಸ ಯಾವಾಗ ಆಗಬೇಕು, ಅದನ್ನು ಯಾರು ಮಾಡಿದರು, ಅದಕ್ಕೆ ಎಷ್ಟು ವೆಚ್ಚವಾಯಿತು ಎಂಬ ಪ್ರಶ್ನೆಗಳಿಗೆ ಉತ್ತರಿಸುವುದು ಇದರ ಮುಖ್ಯ ಉದ್ದೇಶ. ವಾಹನವು ಕೆಟ್ಟು ನಿಂತ ಮೇಲೆ ಸರಿಪಡಿಸುವ ಬದಲು ಕೆಡುವ ಮುನ್ನವೇ ಗಮನಿಸುವ ಮುಂಜಾಗ್ರತಾ ನಿರ್ವಹಣೆಯು ಇದರ ಆಧಾರ ತತ್ತ್ವವಾಗಿದೆ. ಕರ್ನಾಟಕದಲ್ಲಿ ಇಂತಹ ನಿರ್ವಹಣೆಯ ಅಗತ್ಯವನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸುವ ಸಂಸ್ಥೆಗಳೆಂದರೆ ರಸ್ತೆ ಸಾರಿಗೆ ನಿಗಮಗಳು. ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯಂತಹ ಊರುಗಳ ಬಸ್ ಘಟಕಗಳು ಈ ಕಾರ್ಯ ನಿತ್ಯವೂ ನಡೆಯುವ ತಾಣಗಳಾಗಿವೆ.

ಹಿನ್ನೆಲೆ

ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಕಾರ್ಯಾರಂಭ ಮಾಡಿತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ಅಡಿಯಲ್ಲಿ 1961ರ ಆಗಸ್ಟ್ 1ರಂದು ಅದು ನಿಗಮವಾಗಿ ರೂಪುಗೊಂಡಿತು. 1997ರಲ್ಲಿ ಬೆಂಗಳೂರು ಮಹಾನಗರ ಮತ್ತು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಗಳು, 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಸಂಸ್ಥೆ ಇದರಿಂದ ಬೇರ್ಪಟ್ಟವು. ಮಂಡ್ಯ ಜಿಲ್ಲೆ ಮೂಲ ಸಂಸ್ಥೆಯಾದ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ವ್ಯಾಪ್ತಿಯಲ್ಲೇ ಉಳಿಯಿತು. ಮಂಡ್ಯವು ವಿಭಾಗದ ಕೇಂದ್ರವಾಗಿದ್ದು, ಮದ್ದೂರು ಮತ್ತು ಮಳವಳ್ಳಿಯ ಘಟಕಗಳು ಈ ವಿಭಾಗಕ್ಕೆ ಸೇರಿವೆ.

ನಿಗಮದಲ್ಲಿ ನಿರ್ವಹಣೆಯ ಕೆಲಸವು ಹಂತಗಳಲ್ಲಿ ಹಂಚಿಕೆಯಾಗಿದೆ. ದಿನನಿತ್ಯದ ತಪಾಸಣೆ ಮತ್ತು ಸಣ್ಣ ದುರಸ್ತಿ ಘಟಕದಲ್ಲಿಯೂ, ಅದಕ್ಕಿಂತ ದೊಡ್ಡ ಕೆಲಸಗಳು ವಿಭಾಗೀಯ ಕಾರ್ಯಾಗಾರದಲ್ಲಿಯೂ, ಬಸ್ಸಿನ ಕವಚದ ಪುನಶ್ಚೇತನದಂತಹ ಭಾರೀ ಕೆಲಸಗಳು ಬೆಂಗಳೂರಿನ ಕೆಂಗೇರಿ ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿಯೂ ನಡೆಯುತ್ತವೆ. ಒಂದೇ ಬಸ್ಸಿನ ಚರಿತ್ರೆ ಹೀಗೆ ಹಲವು ಊರುಗಳಲ್ಲಿ ಬರೆಯಲ್ಪಡುವುದರಿಂದ, ಕಾಗದದ ಪುಸ್ತಕಗಳಲ್ಲಿ ಅದನ್ನು ಒಟ್ಟಾಗಿ ನೋಡುವುದು ಕಷ್ಟ. ತಂತ್ರಾಂಶದ ಅವಶ್ಯಕತೆ ಹುಟ್ಟುವುದು ಇಲ್ಲಿಯೇ.

ಅಮೆರಿಕದ ಲಾರಿ ಮಾಲೀಕರ ಸಂಘಟನೆಯಾದ ಅಮೆರಿಕನ್ ಟ್ರಕಿಂಗ್ ಅಸೋಸಿಯೇಷನ್ಸ್ 1970ರಲ್ಲಿ ವಾಹನದ ಭಾಗಗಳಿಗೂ ದುರಸ್ತಿಗಳಿಗೂ ಸಂಕೇತ ಸಂಖ್ಯೆಗಳನ್ನು ನೀಡುವ ‘ವಿಎಂಆರ್‌ಎಸ್’ ಎಂಬ ಮಾನಕವನ್ನು ರೂಪಿಸಿತು. ಒಂದೇ ದೋಷವನ್ನು ಒಬ್ಬರು ಒಂದು ಹೆಸರಿನಲ್ಲಿ, ಮತ್ತೊಬ್ಬರು ಇನ್ನೊಂದು ಹೆಸರಿನಲ್ಲಿ ಬರೆದರೆ ಲೆಕ್ಕ ಕೂಡುವುದಿಲ್ಲ ಎಂಬುದು ಇದರ ಹಿಂದಿನ ಕಾರಣ.

ಕಾರ್ಯವಿಧಾನ

ಇಂತಹ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಅಂಗಗಳು ಇರುತ್ತವೆ:

ವಾಹನದ ಚರಿತ್ರೆ: ನೋಂದಣಿ ಸಂಖ್ಯೆ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ಓಡಿದ ಒಟ್ಟು ಕಿಲೋಮೀಟರ್ ಹಾಗೂ ಹಿಂದಿನ ದುರಸ್ತಿಗಳ ವಿವರ.

ನಿರ್ವಹಣಾ ವೇಳಾಪಟ್ಟಿ: ದೈನಂದಿನ ಮತ್ತು ವಾರದ ತಪಾಸಣೆ, ನಿಗದಿತ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾವಣೆ ಮೊದಲಾದ ಕೆಲಸಗಳ ದಿನಾಂಕವನ್ನು ಮುಂಚಿತವಾಗಿ ತಿಳಿಸುವಿಕೆ.

ಜಾಬ್ ಕಾರ್ಡ್: ಚಾಲಕನು ವರದಿ ಮಾಡಿದ ದೋಷ, ಅದನ್ನು ಪರಿಶೀಲಿಸಿದ ಮೆಕ್ಯಾನಿಕ್, ಬಳಸಿದ ಬಿಡಿಭಾಗ ಮತ್ತು ತಗುಲಿದ ಸಮಯದ ದಾಖಲೆ.

ಉಗ್ರಾಣ: ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಫಿಲ್ಟರ್ ಮುಂತಾದವುಗಳ ದಾಸ್ತಾನು. ದಾಸ್ತಾನು ನಿಗದಿತ ಮಟ್ಟಕ್ಕಿಂತ ಇಳಿದಾಗ ಬೇಡಿಕೆ ಸಲ್ಲಿಸಲು ಇದು ಸೂಚನೆ ನೀಡುತ್ತದೆ.

ಟೈರ್ ಲೆಕ್ಕ: ಪ್ರತಿ ಟೈರಿಗೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಒಂದು ಬಸ್ಸಿನಿಂದ ಮತ್ತೊಂದಕ್ಕೆ ಬದಲಾದರೂ, ರೀಟ್ರೆಡಿಂಗ್ ಆಗಿ ಮರಳಿದರೂ ಅದು ಓಡಿದ ದೂರ ದಾಖಲಾಗುತ್ತದೆ.

ಮಂಡ್ಯ ಭಾಗದ ಮಾರ್ಗಗಳು ಮತ್ತು ಸವೆತ

ಕೇವಲ ಕಿಲೋಮೀಟರ್ ಲೆಕ್ಕದಿಂದ ವಾಹನದ ಸ್ಥಿತಿಯನ್ನು ಅಳೆಯಲಾಗದು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮಾರ್ಗಗಳು ಉತ್ತಮ ನಿದರ್ಶನ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ತಡೆರಹಿತವಾಗಿ ಸಾಗುವ ಬಸ್ಸು ಬೇಗನೆ ಹೆಚ್ಚು ದೂರ ಕ್ರಮಿಸುತ್ತದೆ. ಆದರೆ ಅದು ಬ್ರೇಕ್ ಮತ್ತು ಕ್ಲಚ್ ಬಳಸುವುದು ಕಡಿಮೆ. ಮಳವಳ್ಳಿಯಿಂದ ಹಲಗೂರು, ಶಿವನಸಮುದ್ರ ಅಥವಾ ಒಳನಾಡಿನ ಹಳ್ಳಿಗಳಿಗೆ ಹೋಗುವ ಬಸ್ಸು ಅದಕ್ಕಿಂತ ಕಡಿಮೆ ದೂರ ಓಡಿದರೂ ಪ್ರತಿ ನಿಲ್ದಾಣದಲ್ಲೂ ನಿಂತು ಹೊರಡಬೇಕು. ಕಬ್ಬಿನ ಕಟಾವಿನ ಕಾಲದಲ್ಲಿ ಗಾಡಿ, ಟ್ರ್ಯಾಕ್ಟರುಗಳ ಹಿಂದೆ ಕೆಳಗಿನ ಗೇರಿನಲ್ಲಿ ಸಾಗಬೇಕಾಗುತ್ತದೆ. ಹೆದ್ದಾರಿ ಹಾಗೂ ಮಳವಳ್ಳಿ ರಸ್ತೆಗಳೆರಡನ್ನೂ ಹೊಂದಿರುವ ಮದ್ದೂರಿನಲ್ಲಿ ಎರಡೂ ಬಗೆಯ ಸಂಚಾರವಿದೆ. ಆದ್ದರಿಂದ ಮಾರ್ಗದ ಸ್ವರೂಪಕ್ಕೆ ಅನುಗುಣವಾಗಿ ತಪಾಸಣೆಯ ಅವಧಿಯನ್ನು ಬದಲಿಸುವ ಅವಕಾಶ ತಂತ್ರಾಂಶದಲ್ಲಿ ಇರಬೇಕಾಗುತ್ತದೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿತು. ಅದರಿಂದ ಪ್ರಯಾಣಿಕರ ಸಂಖ್ಯೆ ಹೆಚ್ಚಿತು. ದಿನಕ್ಕೆ ಒಂದೆರಡು ಬಸ್ಸುಗಳಷ್ಟೇ ಬರುವ ಹಳ್ಳಿಯಲ್ಲಿ ಬೆಳಗಿನ ಬಸ್ಸು ಕೆಟ್ಟು ನಿಂತರೆ ವಿದ್ಯಾರ್ಥಿಗಳಿಗೆ ಆ ದಿನದ ತರಗತಿ, ಕೂಲಿ ಕಾರ್ಮಿಕರಿಗೆ ಆ ದಿನದ ಸಂಪಾದನೆ ತಪ್ಪುತ್ತದೆ. ತಪಾಸಣೆಗಾಗಿ ಬಸ್ಸನ್ನು ಯಾವ ಹೊತ್ತಿನಲ್ಲಿ ನಿಲ್ಲಿಸಬೇಕು ಎಂಬ ನಿರ್ಧಾರಕ್ಕೂ ಇದೇ ಕಾರಣದಿಂದ ಮಹತ್ವವಿದೆ.

ಅಳತೆಗಳು

ಸಾರಿಗೆ ಸಂಸ್ಥೆಗಳು ನಿರ್ವಹಣೆಯ ಗುಣಮಟ್ಟವನ್ನು ಮುಖ್ಯವಾಗಿ ಪ್ರತಿ 10,000 ಕಿ.ಮೀ.ಗೆ ಮಾರ್ಗಮಧ್ಯದಲ್ಲಿ ಕೆಟ್ಟು ನಿಂತ ಪ್ರಕರಣಗಳು, ಪ್ರತಿ ಲೀಟರ್ ಡೀಸೆಲ್‌ಗೆ ಓಡಿದ ದೂರ ಮತ್ತು ರದ್ದಾದ ಕಿಲೋಮೀಟರುಗಳಿಂದ ಅಳೆಯುತ್ತವೆ. ಉದಾಹರಣೆಗೆ, ಒಂದು ಘಟಕದಲ್ಲಿ 80 ಬಸ್ಸುಗಳಿದ್ದು ಪ್ರತಿಯೊಂದೂ ದಿನಕ್ಕೆ 300 ಕಿ.ಮೀ. ಓಡುತ್ತದೆ ಎಂದಿಟ್ಟುಕೊಂಡರೆ ದಿನದ ಒಟ್ಟು ಸಂಚಾರ 24,000 ಕಿ.ಮೀ. ಆಗುತ್ತದೆ. ದಿನಕ್ಕೆ ಎರಡು ಬಸ್ಸುಗಳು ಕೆಟ್ಟು ನಿಂತರೆ ದರವು ಸುಮಾರು 0.83. ಅದೇ ಘಟಕದಲ್ಲಿ ಲೀಟರಿಗೆ 5 ಕಿ.ಮೀ. ಇದ್ದ ಸರಾಸರಿ 5.2ಕ್ಕೆ ಏರಿದರೆ ದಿನಕ್ಕೆ ಸುಮಾರು 185 ಲೀಟರ್ ಡೀಸೆಲ್ ಉಳಿಯುತ್ತದೆ. ಸರಾಸರಿ ಇಳಿದ ಬಸ್ಸನ್ನು ಗುರುತಿಸಿ ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕ್ ಮೊದಲಾದವುಗಳನ್ನು ಪರಿಶೀಲಿಸುವುದು ವಾಡಿಕೆ.

ಕಾನೂನಿನ ಅಗತ್ಯಗಳು

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರಿಗೆ ವಾಹನಗಳು ಅರ್ಹತಾ ಪ್ರಮಾಣಪತ್ರವನ್ನು (ರೂಢಿಯಲ್ಲಿ ಎಫ್‌ಸಿ) ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ನವೀಕರಿಸಬೇಕು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸಲಾಗುತ್ತಿಲ್ಲ. ಸಾರಿಗೆ ನಿಗಮಗಳ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ಎಫ್‌ಸಿ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ ಮುಗಿಯುವ ಮುನ್ನ ಎಚ್ಚರಿಸುವುದು ತಂತ್ರಾಂಶದ ಸರಳವಾದರೂ ಅತ್ಯಂತ ಉಪಯುಕ್ತ ಸೌಲಭ್ಯಗಳಲ್ಲಿ ಒಂದು.

ಮಿತಿಗಳು

ತಂತ್ರಾಂಶದ ಪ್ರಯೋಜನವು ಅದಕ್ಕೆ ಒದಗಿಸುವ ಮಾಹಿತಿಯನ್ನು ಅವಲಂಬಿಸಿದೆ. ಕೆಲಸ ಮಾಡದೆಯೇ ‘ಪೂರ್ಣಗೊಂಡಿದೆ’ ಎಂದು ನಮೂದಿಸಿದರೆ ಪರದೆಯ ಮೇಲೆ ಸುಸ್ಥಿತಿಯಲ್ಲಿ ಕಾಣುವ ಬಸ್ಸು ರಸ್ತೆಯಲ್ಲಿ ಅಪಾಯಕಾರಿಯಾಗಬಹುದು. ಕೆಟ್ಟು ನಿಂತ ಪ್ರಕರಣಗಳ ಸಂಖ್ಯೆಯನ್ನೇ ಆಧರಿಸಿ ಸಿಬ್ಬಂದಿಯನ್ನು ದಂಡಿಸಿದರೆ ಪ್ರಕರಣಗಳನ್ನು ದಾಖಲಿಸದೆ ಬಿಡುವ ಪ್ರವೃತ್ತಿ ಬೆಳೆಯುತ್ತದೆ. ಉಗ್ರಾಣದಲ್ಲಿ ಬಿಡಿಭಾಗವಿಲ್ಲದಿದ್ದಾಗ ಅಥವಾ ಮೆಕ್ಯಾನಿಕ್‌ಗಳ ಕೊರತೆ ಇದ್ದಾಗ ವೇಳಾಪಟ್ಟಿ ಎಷ್ಟೇ ನಿಖರವಾಗಿದ್ದರೂ ಕೆಲಸ ಮುಂದೂಡಲ್ಪಡುತ್ತದೆ.

ಭಾಷೆಯೂ ಒಂದು ಅಂಶವಾಗಿದೆ. ಬಸ್ಸಿನ ಸ್ಥಿತಿಯ ಮೊದಲ ಅರಿವು ಚಾಲಕನದು: ಬ್ರೇಕ್ ಒಂದು ಬದಿಗೆ ಎಳೆಯುವುದು, ಸ್ಟೀರಿಂಗ್ ಭಾರವಾಗುವುದು, ಗೇರ್ ಬೀಳದಿರುವುದು ಮೊದಲು ತಿಳಿಯುವುದು ಆತನಿಗೆ. ಈ ದೂರುಗಳನ್ನು ಕನ್ನಡದಲ್ಲಿ, ಘಟಕದಲ್ಲಿ ಬಳಕೆಯಲ್ಲಿರುವ ಮಾತುಗಳಲ್ಲೇ ದಾಖಲಿಸಿ, ಅವನ್ನು ಮಾನಕ ಸಂಕೇತಗಳಿಗೆ ಜೋಡಿಸುವ ವ್ಯವಸ್ಥೆ ಇದ್ದಲ್ಲಿ ಮಾಹಿತಿಯು ಹೆಚ್ಚು ಪೂರ್ಣವಾಗಿರುತ್ತದೆ. ದೂರು ನೀಡಿದ ಚಾಲಕನಿಗೆ ಕೈಗೊಂಡ ಕ್ರಮವನ್ನು ಮರುದಿನದ ಲಾಗ್‌ಶೀಟ್‌ನೊಂದಿಗೆ ತಿಳಿಸುವುದು, ದೋಷಗಳನ್ನು ವರದಿ ಮಾಡುವ ಅಭ್ಯಾಸವನ್ನು ಉಳಿಸಿಕೊಳ್ಳಲು ಸಹಕಾರಿಯಾಗುತ್ತದೆ.