ಮಳೆಗಾಲದ ತೋಟದ ದಾರಿಗೆ ಆಲ್ ವೀಲ್ ಡ್ರೈವ್ ಸಾಕಾ, ಫೋರ್ ಬೈ ಫೋರೇ ಬೇಕಾ? ಗಾಡಿ ತಗೊಳ್ಳೋ ಮುಂಚೆ ಇದನ್ನು ಓದಿ

ಚಿಕ್ಕಮಗಳೂರು: ಆರಿದ್ರಾ ಮಳೆ ಹಿಡಿಯಿತು ಅಂದ್ರೆ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆಯ ಒಂಟಿ ಮನೆಗಳಿಗೆ ಒಂದೇ ಚಿಂತೆ. ಟಾರ್ ರಸ್ತೆ ಬಿಟ್ಟ ಮೇಲೆ ಮನೆ ಅಂಗಳ ಮುಟ್ಟುವ ಕೊನೆಯ ಒಂದು, ಒಂದೂವರೆ ಕಿಲೋಮೀಟರ್ ದಾರಿಯದ್ದು. ಬೇಸಿಗೆಯಲ್ಲಿ ಹಳೇ ಆಲ್ಟೊ ಕೂಡ ಹತ್ತುವ ಏರು ಜುಲೈನಲ್ಲಿ ಜೇಡಿ ಮಣ್ಣಿನ ಜಾರುಬಂಡಿ ಆಗಿರುತ್ತೆ. ಗ್ಯಾಸ್ ಸಿಲಿಂಡರ್ ಹೊತ್ತು ತರಬೇಕು, ಮಕ್ಕಳು ಶಾಲೆ ಬಸ್ಸಿಗೆ ನಡೆದು ಹೋಗಬೇಕು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಟಾರ್ ರಸ್ತೆಯಲ್ಲೇ ನಿಲ್ಲುತ್ತೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರೋದು ಮಲೆನಾಡಿಗೆ ಹೊಸದೇನಲ್ಲ.

ಅದಕ್ಕೇ ಕಾಫಿ ಅಥವಾ ಅಡಿಕೆ ದುಡ್ಡು ಕೈಗೆ ಬಂದ ವರ್ಷ ಎಷ್ಟೋ ಮನೆಯವರು ನಾಲ್ಕೂ ಚಕ್ರ ಎಳೆಯುವ ಗಾಡಿ ನೋಡೋಕೆ ಹೊರಡ್ತಾರೆ. ಶೋರೂಮಿನಲ್ಲಿ 'ಇದು ಆಲ್ ವೀಲ್ ಡ್ರೈವ್ ಸಾರ್, ಎಲ್ಲಿ ಬೇಕಾದ್ರೂ ಹೋಗುತ್ತೆ' ಅಂತ ಹೇಳಿದರೆ ಮುಗೀತು, ಬುಕಿಂಗ್. ಎಲ್ಲಿ ಬೇಕಾದರೂ ಹೋಗಲ್ಲ. ಆಲ್ ವೀಲ್ ಡ್ರೈವ್‌ಗೂ ಜೀಪಿನವರು ಹೇಳುವ ಫೋರ್ ಬೈ ಫೋರ್‌ಗೂ ವ್ಯತ್ಯಾಸ ಇದೆ. ಅದು ಗೊತ್ತಿಲ್ಲದೆ ತಗೊಂಡರೆ ಒಂದೋ ಬೇಡದ ಶಕ್ತಿಗೆ ದುಡ್ಡು ಸುರಿದ ಹಾಗೆ, ಇಲ್ಲಾ ಅರ್ಧ ಏರಿನಲ್ಲಿ ಗಾಡಿ ನಿಲ್ಲಿಸಿ ಟ್ರ್ಯಾಕ್ಟರ್‌ಗೆ ಫೋನ್ ಮಾಡಬೇಕು.

ಎರಡಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಕಾರಿನಲ್ಲಿ ಎಂಜಿನ್ ಎರಡು ಚಕ್ರವನ್ನಷ್ಟೇ ತಿರುಗಿಸುತ್ತೆ, ಈಗಿನ ಬಹುತೇಕ ಕಾರುಗಳಲ್ಲಿ ಮುಂದಿನದ್ದು. ಆ ಎರಡರಲ್ಲಿ ಒಂದು ಕೆಸರಲ್ಲಿ ಹಿಡಿತ ತಪ್ಪಿತು ಅಂದ್ರೆ ಡಿಫರೆನ್ಶಿಯಲ್ ಸುಲಭದ ದಾರಿ ಹಿಡಿದು ಜಾರುವ ಚಕ್ರವನ್ನೇ ತಿರುಗಿಸುತ್ತೆ. ಗಟ್ಟಿ ನೆಲದ ಮೇಲಿರೋ ಚಕ್ರ ಸುಮ್ಮನೆ ನಿಂತಿರುತ್ತೆ. ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳ ಆಗುತ್ತೆ ಹೊರತು ಗಾಡಿ ಮುಂದೆ ಹೋಗಲ್ಲ.

ಆಲ್ ವೀಲ್ ಡ್ರೈವ್ ಇರುವ ಕುಟುಂಬದ ಗಾಡಿಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸೋಕೆ ನಡುವೆ ಒಂದು ಕ್ಲಚ್ ಇರುತ್ತೆ. ಮುಂದಿನ ಚಕ್ರ ಜಾರುತ್ತಿದೆ ಅಂತ ಸೆನ್ಸರ್‌ಗೆ ಗೊತ್ತಾದ ಕೂಡಲೇ ಆ ಕ್ಲಚ್ ಬಿಗಿಯಾಗಿ ಹಿಂದಿನ ಚಕ್ರವೂ ತಳ್ಳೋಕೆ ಶುರು ಮಾಡುತ್ತೆ. 'ಲಾಕ್' ಬಟನ್ ಒತ್ತಿದರೆ ಮೊದಲಿನಿಂದಲೇ ಬಿಗಿ. ಒದ್ದೆ ಹುಲ್ಲು, ಸಾಧಾರಣ ಏರು, ಕೆಮ್ಮಣ್ಣಿನ ಕೆಸರು, ಇಷ್ಟಕ್ಕೆ ಇದು ಧಾರಾಳ ಸಾಕು. ಆದರೆ ಅದು ಕ್ಲಚ್, ಹಲ್ಲಿನ ಗೇರ್ ಅಲ್ಲ. ಆಳದ ಕೆಸರಿನಲ್ಲಿ ಹತ್ತು ನಿಮಿಷ ಒದ್ದಾಡಿಸಿದರೆ ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳೋಕೆ ತಾತ್ಕಾಲಿಕವಾಗಿ ಬಿಟ್ಟುಕೊಡುತ್ತೆ. ಆಗ ನಿಮ್ಮದು ಮತ್ತೆ ಎರಡು ಚಕ್ರದ ಕಾರು.

ಫೋರ್ ಬೈ ಫೋರ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಗೇರ್ ಪೆಟ್ಟಿಗೆ ಇರುತ್ತೆ. ಅದು ಮುಂದಿನ ಹಿಂದಿನ ಆಕ್ಸಲ್‌ಗಳನ್ನು ನೇರವಾಗಿ ಕಟ್ಟಿಹಾಕುತ್ತೆ. ಇದರ ನಿಜವಾದ ಬೆಲೆ ಇರೋದು ಲೋ ಗೇರ್‌ನಲ್ಲಿ. ಎಂಜಿನ್ ಜೋರಾಗಿ ತಿರುಗಿದರೂ ಗಾಡಿ ನಡಿಗೆಗಿಂತ ನಿಧಾನ ಹೋಗುತ್ತೆ, ಎಳೆತ ದುಪ್ಪಟ್ಟು. ಕಡಿದಾದ ಏರಿನ ನಡುವೆ ನಿಲ್ಲಿಸಿ ಮತ್ತೆ ಎತ್ತಬೇಕಾದಾಗ ಕ್ಲಚ್ ಪ್ಲೇಟ್ ಸುಡದೆ ಉಳಿಯೋದು ಇದರಿಂದಲೇ. ಕೊಡಚಾದ್ರಿ, ಮಾಂದಲಪಟ್ಟಿ ಕಡೆ ಹತ್ತುವ ಬಾಡಿಗೆ ಜೀಪಿನವರನ್ನು ಕೇಳಿ, ಲೋ ಗೇರ್ ಇಲ್ಲದ ಗಾಡಿ ಅವರು ಮುಟ್ಟಲ್ಲ. ಒಂದು ಎಚ್ಚರಿಕೆ: ಇಂಥ ಗಾಡಿಯನ್ನು ಫೋರ್ ವೀಲ್‌ಗೆ ಹಾಕಿಕೊಂಡು ಒಣ ಟಾರ್ ರಸ್ತೆಯಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಸುತ್ತಬೇಕಾಗಿ, ಬಿಗಿದು, ಟೈರು ಮತ್ತು ಗೇರ್ ಎರಡೂ ಹಾಳು.

ಇಳಿಜಾರೇ ಅಪಾಯ

ಹತ್ತೋದರ ಬಗ್ಗೆ ಎಲ್ಲರೂ ಕೇಳ್ತಾರೆ, ಇಳಿಯೋದರ ಬಗ್ಗೆ ಕೇಳೋರು ಕಡಿಮೆ. ನಾಲ್ಕು ಚಕ್ರ ಎಳೆಯುತ್ತೆ ಅಂದ ಮಾತ್ರಕ್ಕೆ ಬ್ರೇಕ್ ಜಾಸ್ತಿ ಹಿಡಿಯಲ್ಲ. ಯಾವ ಕಾರಿನಲ್ಲಾದರೂ ಬ್ರೇಕ್ ಇರೋದು ನಾಲ್ಕೂ ಚಕ್ರಕ್ಕೆ, ನೆಲ ಹಿಡಿಯೋದು ಟೈರು. ಆಲ್ ವೀಲ್ ಡ್ರೈವ್ ತಗೊಂಡ ಹುಮ್ಮಸ್ಸಿನಲ್ಲಿ ಸಲೀಸಾಗಿ ಮೇಲೆ ಹತ್ತಿದವರು ಅದೇ ದಾರಿಯಲ್ಲಿ ವಾಪಸ್ ಇಳಿಯುವಾಗ ಜಾರಿ ದರೆಗೆ ಗುದ್ದೋದು ಹೀಗೇ. ಪಾಚಿ ಕಟ್ಟಿದ ಕಾಂಕ್ರೀಟ್ ಇಳಿಜಾರು ಕೆಸರಿಗಿಂತ ಕೆಟ್ಟದ್ದು, ಅದು ಬೇರೆ ಮಾತು.

ಇಳಿಯುವಾಗ ಲೋ ಗೇರ್ ಇದ್ದರೆ ಬ್ರೇಕ್ ಮುಟ್ಟದೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತೆ. ಇಲ್ಲದ ಗಾಡಿಯಲ್ಲಿ ಫಸ್ಟ್ ಗೇರ್ ಎಷ್ಟು ಗಿಡ್ಡ ಇದೆ, ಹಿಲ್ ಡಿಸೆಂಟ್ ಕಂಟ್ರೋಲ್ ಇದೆಯಾ ಅಂತ ನೋಡಿ. ಟೆಸ್ಟ್ ಡ್ರೈವ್‌ಗೆ ಕೊಟ್ಟಾಗ ಹೈವೇಯಲ್ಲಿ ನೂರು ಮುಟ್ಟಿಸೋದರ ಬದಲು ಒಂದು ಇಳಿಜಾರಿನಲ್ಲಿ ಫಸ್ಟ್ ಗೇರ್‌ಗೆ ಹಾಕಿ ಎರಡೂ ಕಾಲು ಎತ್ತಿ ನೋಡಿದರೆ ಹೆಚ್ಚು ಗೊತ್ತಾಗುತ್ತೆ.

ಮೊದಲು ದಾರಿ ಅಳೆಯಿರಿ

ಗಾಡಿ ನೋಡೋ ಮುಂಚೆ ನಿಮ್ಮ ದಾರಿಯನ್ನು ಮಳೆಯಲ್ಲೇ ಒಮ್ಮೆ ಕಾಲ್ನಡಿಗೆಯಲ್ಲಿ ನೋಡಿ, ಕೈಯಲ್ಲಿ ಟೇಪ್ ಇರಲಿ. ಟ್ರ್ಯಾಕ್ಟರ್, ಪಿಕಪ್ ಓಡಾಡಿ ಎರಡು ಚಕ್ರದ ಜಾಡು ಆಳಕ್ಕೆ ಇಳಿದು ನಡುವೆ ದಿಬ್ಬ ಎದ್ದಿರುತ್ತೆ. ಆ ದಿಬ್ಬದ ಎತ್ತರವೇ ಮುಖ್ಯ. ದಿಬ್ಬ 200 ಮಿಲಿಮೀಟರ್ ದಾಟಿದೆ ಅಂದ್ರೆ ಬಹಳಷ್ಟು ಆಲ್ ವೀಲ್ ಡ್ರೈವ್ ಕಾರುಗಳು ಹೊಟ್ಟೆ ಮೇಲೆ ಕೂರಬಹುದು. ಚಕ್ರ ನೆಲಕ್ಕೆ ತಾಗದಿದ್ದರೆ ನಾಲ್ಕು ತಿರುಗಿದರೇನು, ಎರಡು ತಿರುಗಿದರೇನು? ಚೇಂಬರ್ ಒಡೆದು ಆಯಿಲ್ ಸೋರಿದರೆ ಎಂಜಿನ್ನೇ ಹೋಗುತ್ತೆ.

ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಗಾಡಿಯದ್ದಾ, ಲೋಡ್ ಆದ ಮೇಲಿನದ್ದಾ ಅಂತ ಕೇಳೋದು ಮರೀಬೇಡಿ. ಐದು ಜನ ಕೂತು, ಹಿಂದೆ 50 ಕೆಜಿಯ ಎರಡು ಕಾಫಿ ಮೂಟೆ ಹಾಕಿದರೆ ಹಿಂಭಾಗ ಚೆನ್ನಾಗಿಯೇ ಕೂರುತ್ತೆ. ಅಗಲವನ್ನೂ ಅಳೆಯಿರಿ. ಒಂದು ಕಡೆ ದರೆ, ಇನ್ನೊಂದು ಕಡೆ ಚರಂಡಿ ಇರುವ ದಾರಿಯಲ್ಲಿ ನಾಲ್ಕು ಇಂಚು ದೊಡ್ಡ ಲೆಕ್ಕ.

ಈ ಅಳತೆ ಮುಗಿದ ಮೇಲೆ ಕೆಲವರಿಗೆ ಹೊಸ ಗಾಡಿಯೇ ಬೇಡ ಅನ್ನಿಸಬಹುದು. ತೊಂದರೆ ಇರೋದು ಐವತ್ತು ಮೀಟರ್ ಏರು ಮಾತ್ರ ಅಂತಾದರೆ ಅಲ್ಲಿಗೆ ಚಕ್ರದ ಜಾಡಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ನೀರು ಪಕ್ಕಕ್ಕೆ ಹೋಗೋ ಹಾಗೆ ಅಡ್ಡ ಚರಂಡಿ ತೆಗೆಸೋದು ಗಾಡಿಗಿಂತ ಎಷ್ಟೋ ಅಗ್ಗ. ಆಗ ಆಂಬುಲೆನ್ಸೂ ಬರುತ್ತೆ.

ಯಾವ ಗಾಡಿ ಯಾರಿಗೆ?

ಹೊರದೇಶಗಳಲ್ಲಿ ಇಂಥ ದಾರಿಗೆ ಸುಬಾರು ಔಟ್‌ಬ್ಯಾಕ್ ತರದ ಉದ್ದನೆಯ ವ್ಯಾಗನ್‌ಗಳು ಹೆಸರುವಾಸಿ. ಸುಬಾರು 1972ರಲ್ಲೇ ಜಪಾನಿನಲ್ಲಿ ನಾಲ್ಕು ಚಕ್ರ ಎಳೆಯುವ ವ್ಯಾಗನ್ ಮಾರೋಕೆ ಶುರು ಮಾಡಿತ್ತು. ನಮ್ಮಲ್ಲಿ ಆ ಕಂಪನಿಯ ಶೋರೂಮೇ ಇಲ್ಲ. ಇಲ್ಲಿ ಆ ಜಾಗದಲ್ಲಿ ಇರೋದು ಸಾಧಾರಣ ಗಾತ್ರದ ಎಸ್‌ಯುವಿಗಳು.

ಸೆಕೆಂಡ್ ಹ್ಯಾಂಡ್‌ನಲ್ಲಿ ಮಲೆನಾಡಿಗೆ ಚೆನ್ನಾಗಿ ಹೊಂದುವ ಗಾಡಿ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್. 2014ರಲ್ಲಿ ಬಂತು, 2020ರಲ್ಲಿ ಬಿಎಸ್ 6 ನಿಯಮ ಬಂದು ಡೀಸೆಲ್ ಎಂಜಿನ್ ನಿಂತಾಗ ಇದೂ ನಿಂತಿತು. 1.5 ಲೀಟರ್ ಡೀಸೆಲ್, ಆರು ಗೇರ್, ಅದರಲ್ಲಿ ಫಸ್ಟ್ ಗೇರ್ ಬೇಕೆಂದೇ ಗಿಡ್ಡ ಮಾಡಿದ್ದು. ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಹಿಂದಿನ ಸಸ್ಪೆನ್ಷನ್ ಕೂಡ ಮಾಮೂಲಿ ಡಸ್ಟರ್‌ಗಿಂತ ಬೇರೆ, ಹೊಂಡದಲ್ಲಿ ಬಹಳ ಮೆತ್ತಗೆ. ಐದು ಜನ, ಲಗೇಜು ಆರಾಮ. ಆದರೆ ಕೆಲವು ವ್ಯಾಪಾರಿಗಳು ಸಾದಾ ಡಸ್ಟರನ್ನೇ 'ಫೋರ್ ವೀಲ್' ಅಂತ ತೋರಿಸ್ತಾರೆ. ಗೇರ್ ಹತ್ತಿರ 2ಡಬ್ಲ್ಯುಡಿ, ಆಟೋ, ಲಾಕ್ ಅನ್ನೋ ತಿರುಗಿಸುವ ಸ್ವಿಚ್ ಇದೆಯಾ, ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಕಾಣುತ್ತಾ, ಎರಡನ್ನೂ ನೋಡಿ. ಆಲ್ ವೀಲ್‌ಗೆ ಮಾತ್ರ ಸೇರಿದ ಪಾರ್ಟ್ಸ್ ಸಿಗುತ್ತಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದ ಮೇಲೇ ಅಡ್ವಾನ್ಸ್ ಕೊಡಿ.

ಹೊಸದೇ ಬೇಕು ಅನ್ನೋರಿಗೆ ಮಾರುತಿ ಗ್ರ್ಯಾಂಡ್ ವಿಟಾರದ ಆಲ್‌ಗ್ರಿಪ್, ಅದರದೇ ಅವಳಿಯಾದ ಟೊಯೊಟಾ ಹೈರೈಡರ್‌ನ ಆಲ್ ವೀಲ್ ಡ್ರೈವ್ 2022ರಿಂದ ಇವೆ. 210 ಮಿ.ಮೀ. ಎತ್ತರ, 1795 ಮಿ.ಮೀ. ಅಗಲ. ಮೈಲೇಜ್ ಜಾಸ್ತಿ ಕೊಡುವ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಇದು ಬರಲ್ಲ, 1.5 ಪೆಟ್ರೋಲ್ ಮೈಲ್ಡ್ ಹೈಬ್ರಿಡ್‌ನಲ್ಲಿ ಮಾತ್ರ. ಲೋ ಗೇರ್ ಇಲ್ಲ. ದಿನಾ ಚಿಕ್ಕಮಗಳೂರಿಗೋ ಹಾಸನಕ್ಕೋ ಓಡಾಡಿ ಸಂಜೆ ಒಂದು ಕಿಲೋಮೀಟರ್ ಕೆಸರು ದಾಟಬೇಕಾದವರಿಗೆ ಸರಿಹೋಗುತ್ತೆ.

ದಾರಿ ನಿಜಕ್ಕೂ ಕಡಿದು, ಕಲ್ಲು, ಜಾಡು ಆಳ ಅಂತಾದರೆ ಇವೆರಡನ್ನೂ ಬಿಟ್ಟು ಜಿಮ್ನಿ ಅಥವಾ ಥಾರ್ ಕಡೆ ಹೋಗಬೇಕು. ಜಿಮ್ನಿ 1645 ಮಿ.ಮೀ. ಅಗಲ ಅಷ್ಟೇ, ಇಕ್ಕಟ್ಟು ದಾರಿಗೆ ಇದೇ ದೊಡ್ಡ ಲಾಭ. ಪೆಟ್ರೋಲ್ ಮಾತ್ರ, ಸೀಟು ನಾಲ್ಕು, ಹಿಂದೆ ಸಾಮಾನಿಗೆ ಜಾಗ ಕಡಿಮೆ. 2020ರ ಮೂರು ಬಾಗಿಲಿನ ಥಾರ್ 226 ಮಿ.ಮೀ. ಎತ್ತರ, 1820 ಮಿ.ಮೀ. ಅಗಲ. ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸೋದು ಒಂದು ಸಾಹಸವೇ. ಎಮರ್ಜೆನ್ಸಿಗೆ ಅಂತಲೇ ಗಾಡಿ ತಗೊಳ್ಳೋರು ಇದನ್ನು ಯೋಚಿಸಲೇಬೇಕು. 2023ರಿಂದ ಥಾರ್‌ನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಮಾಡೆಲ್ ಕೂಡ ಬರುತ್ತಿದೆ. ನೋಡೋಕೆ ಒಂದೇ ತರ, ಕೆಸರಲ್ಲಿ ಬೇರೆ ತರ. ಐದು ಬಾಗಿಲಿನ ರಾಕ್ಸ್‌ನಲ್ಲಿ ಫೋರ್ ಬೈ ಫೋರ್ ಡೀಸೆಲ್‌ಗೆ ಮಾತ್ರ.

ಟೈರಿಗೆ ದುಡ್ಡು ಉಳಿಸಿ

ಸವೆದ ಟೈರಿನ ಫೋರ್ ಬೈ ಫೋರ್‌ಗಿಂತ ಒಳ್ಳೆ ಟೈರಿನ ಸಾದಾ ಕಾರು ಎಷ್ಟೋ ಕಡೆ ಮೇಲು. ಕಾನೂನು 1.6 ಮಿ.ಮೀ. ಹಲ್ಲು ಇದ್ದರೆ ಸಾಕು ಅನ್ನುತ್ತೆ, ಕೆಸರಿಗೆ ಅದು ಬೋಳು ಟೈರೇ. ಶೋರೂಮಿನಿಂದ ಬರುವ ರಸ್ತೆ ಟೈರಿನ ಬದಲು ಆಲ್ ಟೆರೇನ್ ಟೈರ್ ಹಾಕಿಸಿದರೆ ಮೈಲೇಜ್ ಸ್ವಲ್ಪ ಬೀಳುತ್ತೆ, ಸದ್ದು ಬರುತ್ತೆ, ಜೇಡಿಯಲ್ಲಿ ಹಿಡಿತ ಚೆನ್ನಾಗಿ ಏರುತ್ತೆ. ಕಂಪನಿ ಹೇಳಿದ ಸೈಜನ್ನೇ ಹಾಕಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸೋ ಹಾಗಿಲ್ಲ, ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು.

ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಇನ್ನೊಂದು ಗುಟ್ಟು ಇದೆ. ನಾಲ್ಕೂ ಟೈರು ಒಂದೇ ಬ್ರ್ಯಾಂಡ್, ಒಂದೇ ಮಟ್ಟಕ್ಕೆ ಸವೆದಿರಬೇಕು. ಎರಡು ಹೊಸದು, ಎರಡು ಹಳೇದು ಹಾಕಿದರೆ ಸುತ್ತಳತೆ ವ್ಯತ್ಯಾಸವಾಗಿ ನಡುವಿನ ಕ್ಲಚ್ ಯಾವಾಗಲೂ ಉಜ್ಜುತ್ತಲೇ ಇರುತ್ತೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಬೇರೆ ಬೇರೆ ಟೈರು ಕಂಡರೆ ಹಳೇ ಮಾಲೀಕರು ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತೆ.

ದಿಲ್ಲಿ ಗಾಡಿ, ಹರಾಜಿನ ಜಿಪ್ಸಿ

ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳು ಕಡಿಮೆ ರೇಟಿಗೆ ಈ ಕಡೆ ಬರುತ್ತಿವೆ. ರೇಟು ಮಾತ್ರ ನೋಡಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಮರು ನೋಂದಣಿ, ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಎನ್‌ಒಸಿ ಕೈಗೆ ಸಿಗದೆ ಪೂರ್ತಿ ದುಡ್ಡು ಕೊಡಲೇಬೇಡಿ. ಹಳೇ ಜಿಪ್ಸಿ, ಜೀಪುಗಳಲ್ಲಿ ಚಾಸಿ ನಂಬರ್ ಆರ್‌ಸಿ ಜೊತೆ ಕಣ್ಣಾರೆ ತಾಳೆ ನೋಡಿ. ಒಂದರ ಆರ್‌ಸಿ, ಇನ್ನೊಂದರ ಬಾಡಿ, ಮೂರನೆಯದರ ಎಂಜಿನ್ ಸೇರಿಸಿ ಕಟ್ಟಿದ ಗಾಡಿಗಳೂ ಓಡಾಡುತ್ತಿವೆ. 15 ವರ್ಷ ಆದ ಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು ಅನ್ನೋದೂ ಲೆಕ್ಕದಲ್ಲಿರಲಿ.

ಹಳ್ಳ ತುಂಬಿದಾಗ

ಯಾವ ಗಾಡಿ ಇದ್ದರೂ ಹರಿಯುವ ಹಳ್ಳಕ್ಕೆ ಇಳಿಸಬಾರದು. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸುತ್ತೆ, ಎರಡು ಅಡಿ ನೀರಿಗೆ ದೊಡ್ಡ ಗಾಡಿಗಳೂ ಕೊಚ್ಚಿಹೋಗುತ್ತವೆ. ಎಂಜಿನ್ ಒಳಗೆ ನೀರು ಎಳೆದುಕೊಂಡರೆ ಸಾಮಾನ್ಯ ಇನ್ಶೂರೆನ್ಸ್ ದುಡ್ಡು ಕೊಡಲ್ಲ, ಎಂಜಿನ್ ಪ್ರೊಟೆಕ್ಷನ್ ಅನ್ನೋ ಆಡ್ ಆನ್ ಬೇರೆ ತಗೊಂಡಿರಬೇಕು. ನೀರಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ತಳ್ಳಿ ಹೊರಗೆ ತಂದು ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಡಿಕ್ಕಿಯಲ್ಲಿ ಸದಾ ಇರಬೇಕಾದ್ದು: ಗಟ್ಟಿ ಟೋ ಹಗ್ಗ, ಮೋಟು ಹಾರೆ, ಕತ್ತಿ, ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಜ್ಯಾಕ್ ಕೆಳಗೆ ಇಡೋಕೆ ಒಂದು ಹಲಗೆ. ಮರದ ಕೊಂಬೆ ಬಿದ್ದರೆ ಕತ್ತಿ ಬೇಕು. ಕೆಸರಲ್ಲಿ ಸಿಕ್ಕಿಕೊಂಡಾಗ ಟೈರಿನ ಗಾಳಿ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಎಷ್ಟೋ ಸಲ ಗಾಡಿ ತಾನೇ ಎದ್ದು ಬರುತ್ತೆ, ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಹಗ್ಗ ಕಟ್ಟೋ ಕೊಕ್ಕೆ ನಿಮ್ಮ ಗಾಡಿಯಲ್ಲಿ ಎಲ್ಲಿದೆ ಅಂತ ಮಳೆ ಶುರುವಾಗೋ ಮುಂಚೆ ಹಗಲಲ್ಲೇ ಹುಡುಕಿಟ್ಟುಕೊಳ್ಳಿ. ಈಗಿನ ಕಾರುಗಳಲ್ಲಿ ಅದು ಟೂಲ್ ಬಾಕ್ಸಿನಲ್ಲಿ ಬಿಚ್ಚಿಟ್ಟಿರುತ್ತೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು.