ದೀರ್ಘ ಕೋವಿಡ್: ವ್ಯಾಯಾಮ ಆಧಾರಿತ ಪುನಶ್ಚೇತನ

ಕೋವಿಡ್-19 ಸೋಂಕು ಹೋದ ಮೇಲೂ ಉಳಿಯುವ ದಣಿವು, ಏದುಸಿರು, ಸ್ನಾಯುಗಳ ನಿತ್ರಾಣದಿಂದ ರೋಗಿಯನ್ನು ಹಂತಹಂತವಾಗಿ ದಿನದ ಕೆಲಸಗಳಿಗೆ ಮರಳಿಸುವ, ತಜ್ಞರ ನಿಗಾದಲ್ಲಿ ನಡೆಯುವ ದೈಹಿಕ ತರಬೇತಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ‘ರೀಗೇನ್’ ಪ್ರಯೋಗ ಇದರ ಮುಖ್ಯ ಪರೀಕ್ಷೆಗಳಲ್ಲೊಂದು. ಕೋವಿಡ್‌ಗಾಗಿ ಆಸ್ಪತ್ರೆಗೆ ದಾಖಲಾಗಿ, ಬಿಡುಗಡೆಯಾಗಿ 3 ತಿಂಗಳು ದಾಟಿದ್ದ 585 ವಯಸ್ಕರು ಅದರಲ್ಲಿದ್ದರು. ಒಂದು ಗುಂಪಿಗೆ 8 ವಾರ ಆನ್‌ಲೈನ್‌ನಲ್ಲೇ ಸಾಮೂಹಿಕ ವ್ಯಾಯಾಮ ಮತ್ತು ಮಾನಸಿಕ ಬೆಂಬಲ. ಇನ್ನೊಂದಕ್ಕೆ ಒಂದೇ ಬಾರಿಯ ಸಲಹೆ. ಮೊದಲ ಗುಂಪಿನವರ ಜೀವನ ಗುಣಮಟ್ಟ ಸುಧಾರಿಸಿತು, ಆ ಸುಧಾರಣೆ ವರ್ಷದ ಕೊನೆಗೂ ಉಳಿದಿತ್ತು ಎಂದು 2024ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ವರದಿ ಮಾಡಿತು. ಏರಿಕೆ ಮಾತ್ರ ಸಣ್ಣದು. ಮನೆಯಲ್ಲೇ ಗುಣವಾದವರಿಗೂ ಇದು ಅನ್ವಯಿಸುತ್ತದೆ ಎನ್ನುವುದು ಅವಸರದ ತೀರ್ಮಾನ.

ವಿವಾದವಿರುವುದು ಶ್ರಮೋತ್ತರ ಬಳಲಿಕೆಯ ಸುತ್ತ. ಕೆಲವರಿಗೆ ಮೆಟ್ಟಿಲು ಹತ್ತಿದ್ದು, ಲೆಕ್ಕಪತ್ರ ನೋಡಿದ್ದು ಕೂಡ ಒಂದೆರಡು ದಿನ ಬಿಟ್ಟು ಹಾಸಿಗೆ ಹಿಡಿಸುತ್ತದೆ. ಇಂಥವರಲ್ಲಿ ಕಠಿಣ ಶ್ರಮದ ನಂತರ ಸ್ನಾಯು ಅಂಗಾಂಶಕ್ಕೆ ಹಾನಿಯಾದುದನ್ನು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2024ರಲ್ಲಿ ತೋರಿಸಿದರು. ‘ಸೋಮಾರಿತನ, ಸ್ವಲ್ಪ ಓಡಾಡಿದರೆ ಸರಿಹೋಗುತ್ತದೆ’ ಎಂಬ ಮನೆಮಂದಿಯ ಉಪದೇಶಕ್ಕೆ ಅಲ್ಲೇ ಉತ್ತರವಿದೆ. ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಇದೇ ಬಳಲಿಕೆ ಇರುವ ದೀರ್ಘಕಾಲೀನ ದಣಿವಿನ ರೋಗಕ್ಕೆ, ನಿಗದಿತ ಪ್ರಮಾಣದಲ್ಲಿ ವ್ಯಾಯಾಮ ಏರಿಸುತ್ತ ಹೋಗುವ ಚಿಕಿತ್ಸೆಯನ್ನು 2021ರಲ್ಲಿ ಕೈಬಿಟ್ಟಿತು.

ಆದ್ದರಿಂದ ಫಿಸಿಯೋಥೆರಪಿಸ್ಟರು ಮೊದಲು ಈ ಲಕ್ಷಣವನ್ನು ವಿಚಾರಿಸುತ್ತಾರೆ. ಹೃದಯದ ತೊಂದರೆ, ಆಮ್ಲಜನಕದ ಕುಸಿತ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಳಲಿಕೆ ಇದ್ದವರಿಗೆ ಶಕ್ತಿ ಉಳಿಸುವ ಕ್ರಮ, ನಡುನಡುವೆ ವಿಶ್ರಾಂತಿ. ಇಲ್ಲದವರಿಗೆ ಉಸಿರಾಟದ ಅಭ್ಯಾಸ, ಕುಳಿತೇಳುವುದು, ನಿಧಾನ ನಡಿಗೆಯಿಂದ ಆರಂಭ.