ಗೊತ್ತಿದ್ದದ್ದು ಎಲ್ಲರಿಗೂ, ಮಾಡಿದ್ದು ಎಷ್ಟು ಮಂದಿ?

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಎರಡು ವಾರ ಆಗಿರಬಹುದು, ವಾಟ್ಸಾಪ್ ಗ್ರೂಪೊಂದರಲ್ಲಿ ಗೂಗಲ್ ಫಾರ್ಮ್ ಬಂತು. ಕೊರೊನಾ ಹೇಗೆ ಹರಡುತ್ತದೆ, ಲಕ್ಷಣಗಳೇನು, ಹೊರಗೆ ಹೋಗುವಾಗ ಮಾಸ್ಕ್ ಹಾಕುತ್ತೀರಾ ಅಂತ ಇಪ್ಪತ್ತು ಚಿಲ್ಲರೆ ಪ್ರಶ್ನೆ. ಕೊನೆಯದಕ್ಕೆ ನಾನು ‘ಯಾವಾಗಲೂ’ ಅಂತ ಟಿಕ್ ಮಾಡಿದೆ. ಅದೇ ಸಂಜೆ ಹಾಲು ತರಲು ಹೋದಾಗ ನನ್ನ ಮಾಸ್ಕ್ ಇದ್ದದ್ದು ಗದ್ದದ ಮೇಲೆ. ಸುಳ್ಳು ಹೇಳಬೇಕು ಅಂತೇನೂ ಇರಲಿಲ್ಲ. ಸರಿಯುತ್ತರ ಯಾವುದು ಅಂತ ಗೊತ್ತಿತ್ತು, ಅದನ್ನೇ ಕೊಟ್ಟೆ.

ಇಂಥವನ್ನು ಕೆಎಪಿ ಸಮೀಕ್ಷೆ ಅನ್ನುತ್ತಾರೆ. ಜನರ ಅರಿವು, ಧೋರಣೆ, ರೂಢಿ ಮೂರನ್ನೂ ಅಳೆಯುವ ವಿಧಾನ ಇದು. ಕಳೆದ ಶತಮಾನದ ಐವತ್ತು-ಅರವತ್ತರ ದಶಕಗಳಲ್ಲಿ ಕುಟುಂಬ ಯೋಜನೆಯ ಜೊತೆ ಬೆಳೆದದ್ದು. ತೊಡಕು ಆಗಲೇ ಕಂಡಿತ್ತು: ಇನ್ನು ಮಕ್ಕಳು ಸಾಕು ಅಂದವರೇ ಗರ್ಭನಿರೋಧಕ ಬಳಸುತ್ತಿರಲಿಲ್ಲ. ಈ ಅಂತರಕ್ಕೆ ‘ಕೆಎಪಿ ಗ್ಯಾಪ್’ ಅಂತ ಹೆಸರೇ ಬಿತ್ತು.

ಕೊರೊನಾ ಕಾಲದಲ್ಲಿ ಮನೆ ಮನೆಗೆ ಹೋಗಿ ಕೇಳುವಂತಿರಲಿಲ್ಲ. ಹಾಗಾಗಿ ಸಮೀಕ್ಷೆಗಳು ಮೊಬೈಲಿಗೆ ಬಂದವು. ಉತ್ತರಿಸಿದವರು ಯಾರು? ಸ್ಮಾರ್ಟ್‌ಫೋನ್ ಇದ್ದವರು, ಓದು ಬಲ್ಲವರು, ಪುರುಸೊತ್ತಿದ್ದವರು. ಜೊತೆಗೆ ನನ್ನಂಥ ಗದ್ದದ ಮಾಸ್ಕಿನವರು. ಕೀನ್ಯಾದ ಹಳ್ಳಿಗಾಡಿನಲ್ಲಿ ಸಂಶೋಧಕರು ಫೋನಿನಲ್ಲಿ ಕೇಳಿದ್ದರ ಜೊತೆಗೆ ರಸ್ತೆ, ಮಾರುಕಟ್ಟೆಗಳಲ್ಲಿ ನಿಂತು ಎಣಿಸಿಯೂ ನೋಡಿದರು. ಫೋನಿನಲ್ಲಿ ಹೆಚ್ಚಿನವರು ‘ಹಾಕ್ತೀವಿ’ ಅಂದಿದ್ದರು. ಕಣ್ಣಿಗೆ ಕಂಡ ಬಹುಪಾಲು ಮುಖಗಳ ಮೇಲೆ ಮಾಸ್ಕ್ ಇರಲಿಲ್ಲ.

ಹಾಗಾದರೆ ಜನಕ್ಕೆ ಇನ್ನಷ್ಟು ತಿಳಿ ಹೇಳಬೇಕಿತ್ತೇ? ಕಾಲರ್ ಟ್ಯೂನಿನ ಕೆಮ್ಮು ಕೇಳಿ ಕೇಳಿ ಕಿವಿ ತೂತಾಗಿತ್ತಲ್ಲ! ಆ ತಿಳಿವಳಿಕೆಯಾದರೂ ಒಂದೇ ಕಡೆ ನಿಂತಿರಲಿಲ್ಲ. ವೈರಸ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಟ್ವೀಟ್ ಮಾಡಿತ್ತು. ನಾವು ಟೊಮೆಟೊ ತೊಳೆದೆವು, ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿದೆವು. ಗಾಳಿಯೇ ಮುಖ್ಯ ದಾರಿ, ವಸ್ತು ಮುಟ್ಟಿ ಹರಡುವುದು ತೀರಾ ಕಡಿಮೆ ಅನ್ನುವುದು ಗಟ್ಟಿಯಾಗುವ ಹೊತ್ತಿಗೆ 2021 ಬಂದಿತ್ತು. ಕಿಟಕಿ ತೆಗೆದಿಡಿ ಅಂತ ಹೇಳುವ ಪೋಸ್ಟರ್ ನಾನಂತೂ ನೋಡಿದ ನೆನಪಿಲ್ಲ.

ಕೈ ತೊಳೆಯುವುದನ್ನೇ ತಗೊಳ್ಳಿ. ಇಪ್ಪತ್ತು ಸೆಕೆಂಡ್ ನಲ್ಲಿ ಬಿಟ್ಟು ತೊಳೆದರೆ ಎರಡು ಲೀಟರ್ ಅಂತಿಟ್ಟುಕೊಳ್ಳಿ. ಐದು ಜನರ ಮನೆ, ತಲಾ ಹತ್ತು ಸಲ, ಅಲ್ಲಿಗೆ ದಿನಕ್ಕೆ ನೂರು ಲೀಟರ್. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಹುಬ್ಬಳ್ಳಿಯ ಬಡಾವಣೆಯಲ್ಲಿ ಈ ಲೆಕ್ಕ ಹೇಗೆ ಕೂಡುತ್ತದೆ? ಅಲ್ಲಿನ ಹೆಂಗಸಿಗೆ ಅರಿವಿನ ಕೊರತೆ ಇದೆ ಅನ್ನುವುದು ಅವಮಾನ.

ಧೋರಣೆಯ ಕಥೆ ಇನ್ನೂ ಕಹಿ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ, 2020ರ ಮಾರ್ಚಿನಲ್ಲಿ. ಆಮೇಲೆ ನಾವು ಏನು ಮಾಡಿದೆವು? ವಿದೇಶದಿಂದ ಬಂದವರ ಕೈಗೆ ಚುನಾವಣೆಯ ಶಾಯಿಯಂಥ ಮುದ್ರೆ ಒತ್ತಿದೆವು, ಬಾಗಿಲಿಗೆ ಚೀಟಿ ಅಂಟಿಸಿದೆವು, ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತು. ಜುಲೈನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡನ್ನೇ ಹೊಡೆದರು. ಪಾಲಿಕೆ ಆಯುಕ್ತರು ಕ್ಷಮೆ ಕೇಳಬೇಕಾಯಿತು. ಸಾಬರ ಗಾಡಿಯಲ್ಲಿ ತರಕಾರಿ ಕೊಳ್ಳಬೇಡಿ ಅನ್ನುವ ಮೆಸೇಜುಗಳು ಬೇರೆ. ಇದನ್ನೆಲ್ಲ ನೋಡಿದವನಿಗೆ ಜ್ವರ ಬಂದರೆ ಟೆಸ್ಟ್ ಮಾಡಿಸಲು ಓಡುತ್ತಾನಾ? ಡೋಲೊ ನುಂಗಿ ಸುಮ್ಮನೆ ಮಲಗುತ್ತಾನೆ. ಸಮೀಕ್ಷೆ ಇದನ್ನು ‘ನಕಾರಾತ್ಮಕ ಧೋರಣೆ’ ಅಂತ ಬರೆದುಕೊಳ್ಳುತ್ತದೆ. ನನ್ನ ಪ್ರಕಾರ ಅದು ಶುದ್ಧ ವ್ಯವಹಾರಜ್ಞಾನ.

ದಂಡವೂ ಬಂತು. 2020ರ ಅಕ್ಟೋಬರ್ ಮೊದಲಲ್ಲಿ ಮಾಸ್ಕ್ ಇಲ್ಲದಿದ್ದರೆ ನಗರದಲ್ಲಿ 1000, ಹಳ್ಳಿಯಲ್ಲಿ 500 ರೂಪಾಯಿ ಅಂದರು. ಜನ ರೇಗಿದರು. ವಾರದೊಳಗೆ ಅದು 250, 100ಕ್ಕೆ ಇಳಿಯಿತು. ಜನ ಮಾರ್ಷಲ್‌ಗಳನ್ನು ಕಂಡಾಗ ಮಾಸ್ಕ್ ಏರಿಸುವುದನ್ನು ಕಲಿತರು, ಅಷ್ಟೆ.

ಇದಕ್ಕೆ ಬೇರೆ ದಾರಿ ಇತ್ತಾ ಅಂದರೆ, ಬಾಂಗ್ಲಾದೇಶದಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. ಸುಮಾರು 600 ಹಳ್ಳಿ, 3.4 ಲಕ್ಷ ಜನ. ಅರ್ಧದಷ್ಟು ಹಳ್ಳಿಗಳಲ್ಲಿ ಮನೆಗೇ ಹೋಗಿ ಪುಕ್ಕಟೆ ಮಾಸ್ಕ್ ಕೊಟ್ಟರು, ಊರ ಹಿರಿಯರಿಗೂ ಇಮಾಮರಿಗೂ ಹಾಕಲು ಹೇಳಿದರು, ಮುಖ್ಯವಾಗಿ ಸಂತೆಯಲ್ಲಿ, ಮಸೀದಿ ಹತ್ತಿರ ನಿಂತು ಎದುರಿಗೇ ‘ಹಾಕಿಕೊಳ್ಳಿ’ ಅಂದರು. ಮಾಸ್ಕ್ ಹಾಕುವವರು ಶೇ. 13ರಿಂದ 42ಕ್ಕೆ ಏರಿದರು. ಎಸ್ಸೆಮ್ಮೆಸ್ ಕಳಿಸಿದ್ದರಿಂದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಊರಿನ ಮುಖಂಡರಿಗೆ ಬಹುಮಾನದ ಆಸೆ ತೋರಿಸಿದರೂ ಅಷ್ಟೇ. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣವಿದ್ದ ಸೋಂಕು ಶೇ. 11ರಷ್ಟು ಕಡಿಮೆಯಾಯಿತು. ಭಾರೀ ಸಂಖ್ಯೆಯಲ್ಲ, ಆದರೆ ಪ್ರಾಮಾಣಿಕ ಸಂಖ್ಯೆ.

ನಮ್ಮಲ್ಲಿ ಹಾಗೆ ಬಾಗಿಲಿಗೆ ಹೋಗಿ, ಹೆಸರು ಹಿಡಿದು ಮಾತಾಡಿಸಿ ಹೇಳುವವರು ಇರಲಿಲ್ಲವೇ? ಇದ್ದರು. ಮನೆ ಮನೆ ಸುತ್ತಿ ಜ್ವರ-ಕೆಮ್ಮಿನ ಪಟ್ಟಿ ಮಾಡುತ್ತಿದ್ದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು. 2020ರ ಜುಲೈ 10ರಿಂದ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ, ಮತ್ತು ತಮಗೆ ಹಾಕಿಕೊಳ್ಳಲು ಸರಿಯಾದ ಮಾಸ್ಕ್, ಸ್ಯಾನಿಟೈಸರ್.